ಕಿರುಬೆರಳಿನ ಉಗುರಿನಷ್ಟು ತೂತು

ಒಂದು ಚದರ ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ ಕಿರುಬೆರಳಿನ ಉಗುರಿನಗಲ. ಕಸದ ಗುಡ್ಡದ ತಳದಲ್ಲಿ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ ಅಷ್ಟಗಲದ ಒಂದು ತೂತಿದೆ, ಹಾಳೆಯ ಮೇಲೆ ಒಂದಡಿ ಕೊಳೆನೀರು ನಿಂತಿದೆ, ಹಾಳೆಯ ಕೆಳಗೆ ಬರೀ ಜಲ್ಲಿ ಇದೆ ಎಂದುಕೊಳ್ಳಿ. ಪಿಯುಸಿಯ ಭೌತಶಾಸ್ತ್ರ ಗೊತ್ತಿದ್ದರೆ ಉಳಿದ ಲೆಕ್ಕ ಮಾಡಬಹುದು. ಆ ತೂತಿನಿಂದ ದಿನಕ್ಕೆ ಸುಮಾರು 12,500 ಲೀಟರ್ ಕೆಳಗಿಳಿಯುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಎರಡು ಲೋಡಿಗೂ ಮೇಲೆ. ವರ್ಷಕ್ಕೆ 45 ಲಕ್ಷ ಲೀಟರ್.

ಈಗ ಜಲ್ಲಿ ತೆಗೆಸಿ, ಅಲ್ಲಿ ಚೆನ್ನಾಗಿ ದಮ್ಮಸು ಮಾಡಿದ ಜೇಡಿಮಣ್ಣು ಹಾಕಿಸಿ. ಹಾಳೆ ಎಲ್ಲೂ ಸುಕ್ಕಾಗದೆ ಮಣ್ಣಿಗೆ ಅಂಟಿ ಕೂತಿರಲಿ. ಹಾಳೆ ಅದೇ, ತೂತು ಅದೇ, ಮೇಲೆ ನಿಂತ ನೀರೂ ಅದೇ. ಈಗ ಇಳಿಯುವುದು ದಿನಕ್ಕೆ ಅರ್ಧ ಲೀಟರ್.

ಮೊದಲಿನದಕ್ಕೂ ಇದಕ್ಕೂ ಇಪ್ಪತ್ತು ಸಾವಿರ ಪಟ್ಟಿಗೂ ಮೀರಿದ ವ್ಯತ್ಯಾಸ. ಈ ಎರಡನೆಯ ಲೆಕ್ಕ ಝಿರೂ ಎಂಬ ಎಂಜಿನಿಯರ್ ಮತ್ತು ಸಂಗಡಿಗರು 1989ರಲ್ಲಿ ಕೊಟ್ಟ ಸೂತ್ರದ್ದು. ಕಸದ ತಳ ಕಟ್ಟುವ ಎಂಜಿನಿಯರುಗಳು ಜಗತ್ತಿನಾದ್ಯಂತ ಇಂದಿಗೂ ಅದನ್ನೇ ಹಿಡಿದು ಕೂರುತ್ತಾರೆ. ಅವರೊಳಗೆ ಇನ್ನೊಂದು ರೂಢಿಯಿದೆ. ಎಷ್ಟೇ ಎಚ್ಚರದಿಂದ ಹಾಸಿದರೂ ಎಕರೆಗೊಂದು ಇಂಥ ತೂತು ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡೇ ನಕ್ಷೆ ಬರೆಯಬೇಕು. ಬೆಸುಗೆ ಎಲ್ಲೋ ಬಿಟ್ಟಿರುತ್ತದೆ, ಜೆಸಿಬಿಯ ಹಲ್ಲು ಎಲ್ಲೋ ತಾಗಿರುತ್ತದೆ. ಹಾಗಾದರೆ ನೂರು ಎಕರೆಯ ಕಸದ ತಾಣದಿಂದ ದಿನಕ್ಕೆ ಇಳಿಯುವುದು ಎಷ್ಟು? ಮಣ್ಣು ಸರಿಯಿದ್ದರೆ ಎರಡು ಮೂರು ಬಿಂದಿಗೆ ನೀರು. ಮಣ್ಣಿನ ಬದಲು ಜಲ್ಲಿಯಿದ್ದರೆ ಹನ್ನೆರಡೂವರೆ ಲಕ್ಷ ಲೀಟರ್. ಎರಡರಲ್ಲಿ ಯಾವುದು ಎಂಬುದು ಮೇಲೆ ನಿಂತು ನೋಡುವವರಿಗೆ ತಿಳಿಯುವುದೇ ಇಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅದರ ಮೇಲೆ ಲಕ್ಷಾಂತರ ಟನ್ ಕಸ ಬಿದ್ದಿರುತ್ತದೆ.

ಕಸದ ಬಗ್ಗೆ ಬರೆಯುವವರಿಗೆ ದೊಡ್ಡ ಸಂಖ್ಯೆಗಳ ಬರವಿಲ್ಲ. ದೆಹಲಿಯ ಗಾಜಿಪುರದ ಗುಡ್ಡ 65 ಮೀಟರ್ ಏರಿತ್ತು, ಕುತುಬ್ ಮಿನಾರ್ 73 ಮೀಟರ್. 1984ರಲ್ಲಿ ಶುರುವಾದ ಆ ತಾಣ ತುಂಬಿದ್ದು 2002ರಲ್ಲಿ. ತುಂಬಿದ ಮೇಲೂ ಸುರಿಯುತ್ತಲೇ ಹೋದರು. 2017ರ ಸೆಪ್ಟೆಂಬರಿನಲ್ಲಿ ಒಂದು ಪಕ್ಕ ಕುಸಿದು ಇಬ್ಬರು ಸತ್ತರು. ದೇಶದ ನಗರಗಳ ಹಳೆಯ ಕಸವೆಲ್ಲ ಸೇರಿ 16 ಕೋಟಿ ಟನ್, ಅದು ಕೂತಿರುವ ಜಾಗ 15,000 ಎಕರೆ ಎಂದು ಸ್ವಚ್ಛ ಭಾರತದ ಎರಡನೇ ಹಂತ ಶುರುವಾದಾಗ ಕೇಂದ್ರ ಸರ್ಕಾರವೇ ಹೇಳಿತು. ಟಿವಿಯವರಿಗೆ ಇದು ಚೆನ್ನ. ಗುಡ್ಡ ಕಾಣುತ್ತದೆ, ಹದ್ದು ಸುತ್ತುತ್ತದೆ, ಹೊಗೆ ಏಳುತ್ತದೆ. ನನ್ನ ತಕರಾರು ಇರುವುದು ಅಲ್ಲೇ. ಗುಡ್ಡವನ್ನು ಇವತ್ತಲ್ಲ ನಾಳೆ ಕರಗಿಸಬಹುದು, ಜರಡಿ ಹಿಡಿದು ಬೇರ್ಪಡಿಸಬಹುದು. ನೆಲದಡಿಯ ನೀರನ್ನು ಕೆಡಿಸುವವು ಸಣ್ಣ ಸಂಖ್ಯೆಗಳು: ಒಂದು ಚದರ ಸೆಂಟಿಮೀಟರ್, ಒಂದೂವರೆ ಮಿಲಿಮೀಟರ್, ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ಕಾನೂನು ಬರೆದಿರುವುದೂ ಈ ಸಣ್ಣ ಸಂಖ್ಯೆಗಳಲ್ಲಿ. ಅದನ್ನು ಮುರಿಯುವುದೂ ಅವುಗಳಲ್ಲೇ.

ಮಾವಳ್ಳಿಪುರವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಉತ್ತರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್, ಯಲಹಂಕ ಮತ್ತು ಹೆಸರಘಟ್ಟದ ನಡುವಿನ ಊರು. ಸುಮಾರು ನೂರು ಎಕರೆ ಜಾಗದಲ್ಲಿ 2007ರಲ್ಲಿ ‘ವೈಜ್ಞಾನಿಕ ಭೂಭರ್ತಿ ಘಟಕ’ ಶುರುವಾಯಿತು. ವೈಜ್ಞಾನಿಕ ಎಂಬ ವಿಶೇಷಣ ಕಡತದಲ್ಲಿ ಎಲ್ಲೆಡೆ ಇರುತ್ತದೆ. ಊರಿನವರ ಬಾಯಲ್ಲಿ ಅದು ಮೊದಲಿನಿಂದಲೂ ಡಂಪಿಂಗ್ ಯಾರ್ಡು. ಯೋಜನೆ ಇದ್ದದ್ದು ದಿನಕ್ಕೆ 600 ಟನ್ ಕಸಕ್ಕೆ. ಬರುತ್ತಿದ್ದದ್ದು ಸುಮಾರು 1,000 ಟನ್. ಹತ್ತು ಟನ್ನಿನ ಲಾರಿ ಎಂದರೆ ದಿನಕ್ಕೆ ನೂರು. ಅದೇ ಗತಿಯಲ್ಲಿ ಐದು ವರ್ಷ ಸುರಿದರೆ 18 ಲಕ್ಷ ಟನ್.

ಇದು ಬರೀ ಕಸದ ಲೆಕ್ಕ. ನೀರಿನ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ನೂರು ಎಕರೆಯ ಮೇಲೆ ಅದು 39 ಕೋಟಿ ಲೀಟರ್. ಬಹುಪಾಲು ಹರಿದು ಹೋಗುತ್ತದೆ, ಆವಿಯಾಗುತ್ತದೆ. ಹತ್ತರಲ್ಲೊಂದು ಪಾಲು ಕಸದೊಳಗೆ ಇಳಿಯಿತು ಎಂದುಕೊಂಡರೂ ವರ್ಷಕ್ಕೆ ನಾಲ್ಕು ಕೋಟಿ ಲೀಟರ್ ಆಯಿತು. ದಿನಕ್ಕೆ ಹದಿನೆಂಟು ಟ್ಯಾಂಕರ್. ಕಸವೂ ಒಣ ಮಾಲಲ್ಲ. ನಮ್ಮ ಅಡುಗೆಮನೆಯ ಹಸಿ ಕಸವೇ ಅದರಲ್ಲಿ ಅರ್ಧಕ್ಕಿಂತ ಹೆಚ್ಚು. ಸೊಪ್ಪಿನ ದಂಟು, ಹಲಸಿನ ತೊಳೆ ಬಿಡಿಸಿದ ರಚ್ಚೆ, ಮದುವೆ ಛತ್ರದ ಬಾಳೆಲೆ, ಉಳಿದ ಸಾರು, ಎಲ್ಲವೂ ಕೊಳೆತು ತಮ್ಮ ನೀರು ಬಿಡುತ್ತವೆ. ಮೇಲಿನ ಮಳೆ, ಒಳಗಿನ ರಸ ಎರಡೂ ಸೇರಿ ಬ್ಯಾಟರಿ, ಬಣ್ಣದ ಡಬ್ಬಿ, ಔಷಧದ ಬಾಟಲಿಗಳ ಮೈ ಸವರಿಕೊಂಡು ಕಪ್ಪಗೆ ತಳ ಸೇರುತ್ತದೆ. ಇದಕ್ಕೆ ಎಂಜಿನಿಯರುಗಳು ಲೀಚೆಟ್ ಎನ್ನುತ್ತಾರೆ. ಕಸದ ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋದವರಿಗೆ ಪರಿಚಯ ಬೇಡ.

ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಮಾವಳ್ಳಿಪುರದ ಈ ಕಸದ ನೀರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿತು. ಅದರಲ್ಲಿ ಎರಡು ಅಂಕಿಗಳನ್ನಷ್ಟೇ ಎತ್ತಿಕೊಳ್ಳುತ್ತೇನೆ. ಒಂದು ಸಿಒಡಿ, ಅಂದರೆ ಒಂದು ಲೀಟರ್ ನೀರಿನ ಕೊಳೆಯನ್ನೆಲ್ಲ ರಾಸಾಯನಿಕವಾಗಿ ಸುಟ್ಟು ಮುಗಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ. ಅದು 10,000ದಿಂದ 12,000 ಮಿಲಿಗ್ರಾಂ ಇತ್ತು. ಸಂಸ್ಕರಿಸಿ ಹಳ್ಳಕ್ಕೆ ಬಿಡುವಾಗ ಕಾನೂನು ಒಪ್ಪುವುದು 250. ನಲವತ್ತು ಪಟ್ಟು ಹೆಚ್ಚು ಎಂದು ಹೇಳಿ ಮುಗಿಸಬಹುದಿತ್ತು, ಆದರೆ ನಲವತ್ತು ಎಂಬುದು ಬೆಚ್ಚಿಬೀಳಿಸುವ ಸಂಖ್ಯೆಯಲ್ಲ. ಬೇರೆ ಕಡೆಯಿಂದ ನೋಡಿ. ಒಳ್ಳೆಯ ಕೆರೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ 8 ಮಿಲಿಗ್ರಾಂ. ಮೀನು ಉಸಿರಾಡುವುದು ಅದರಲ್ಲೇ. ಹಾಗಾದರೆ ಒಂದು ಲೀಟರ್ ಕಸದ ನೀರಿಗೆ ಬೇಕಾದ ಆಮ್ಲಜನಕ ಇರುವುದು 1,250 ಲೀಟರ್ ಒಳ್ಳೆಯ ನೀರಿನಲ್ಲಿ. ಪೂರ್ತಿ ಹೀರಿಕೊಂಡರೆ.

ಎರಡನೆಯದು ಸಾರಜನಕ. ಲೀಟರಿಗೆ 2,000ದಿಂದ 3,000 ಮಿಲಿಗ್ರಾಂ ಸಿಕ್ಕಿತು. ಹಳ್ಳಕ್ಕೆ ಬಿಡುವ ಮಿತಿ 100. ಈ ಸಾರಜನಕ ಬಹುಪಾಲು ಅಮೋನಿಯಾ ರೂಪದಲ್ಲಿರುತ್ತದೆ. ಗಾಳಿಯಾಡುವ ಮಣ್ಣಿಗೆ ಬಂದಾಗ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಒಂದು ಮಿಲಿಗ್ರಾಂ ಸಾರಜನಕ ಆಮ್ಲಜನಕವನ್ನು ಹಿಡಿದುಕೊಂಡು ನಾಲ್ಕೂವರೆ ಮಿಲಿಗ್ರಾಂ ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ, ಮತ್ತು ಭಾರತೀಯ ಮಾನಕ ಬ್ಯೂರೋ ಇಲ್ಲಿ ಯಾವ ರಿಯಾಯಿತಿಯನ್ನೂ ಕೊಟ್ಟಿಲ್ಲ, ಏಕೆಂದರೆ ಬಾಟಲಿ ಹಾಲು ಕುಡಿಯುವ ಹಸುಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಭಾಗಾಕಾರ ಮಾಡಿ ನೋಡಿ: ಒಂದು ಲೀಟರ್ ಕಸದ ನೀರು ಸುಮಾರು 200 ಲೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಒಂದು ಟ್ಯಾಂಕರ್ ಕಸದ ನೀರು ಹನ್ನೆರಡು ಲಕ್ಷ ಲೀಟರನ್ನು. ಇದು ಅತಿ ಕೆಟ್ಟ ಸ್ಥಿತಿಯ ಲೆಕ್ಕ ಎಂಬುದನ್ನು ಮುಚ್ಚಿಡುವುದಿಲ್ಲ. ಗಾಳಿಯಿಲ್ಲದ ಆಳದಲ್ಲಿ ಅಮೋನಿಯಾ ಅಮೋನಿಯಾ ಆಗಿಯೇ ಉಳಿಯುತ್ತದೆ, ಜೇಡಿಮಣ್ಣು ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಅಮೋನಿಯಾ ಆಗಿ ಉಳಿಯುವುದೂ ಸಮಾಧಾನದ ಮಾತಲ್ಲ. ಕುಡಿಯುವ ನೀರಿನಲ್ಲಿ ಅದರ ಮಿತಿ ಅರ್ಧ ಮಿಲಿಗ್ರಾಂ.

ಮಾವಳ್ಳಿಪುರಕ್ಕೆ ಲಾರಿ ಹೋಗುತ್ತಿದ್ದ ವರ್ಷಗಳು ಮನೆಮನೆಗೆ ಸಿಎಫ್‌ಎಲ್ ಬಲ್ಬು ಬಂದ ವರ್ಷಗಳು. ಕರೆಂಟು ಉಳಿಸಿ ಎಂದು ಸರ್ಕಾರವೇ ಪ್ರಚಾರ ಮಾಡುತ್ತಿತ್ತು. ಅಂಥ ಒಂದು ಬಲ್ಬಿನಲ್ಲಿ ಸುಮಾರು ಐದು ಮಿಲಿಗ್ರಾಂವರೆಗೆ ಪಾದರಸ ಇರುತ್ತಿತ್ತು. ಕುಡಿಯುವ ನೀರಿನಲ್ಲಿ ಪಾದರಸದ ಮಿತಿ ಲೀಟರಿಗೆ 0.001 ಮಿಲಿಗ್ರಾಂ. ಅಂದರೆ ಒಂದು ಬಲ್ಬು ಐದು ಸಾವಿರ ಲೀಟರಿಗೆ ಸಾಕು. ಒಡೆದಾಗ ಪಾದರಸದ ಒಂದು ಪಾಲು ಆವಿಯಾಗಿ ಗಾಳಿಗೆ ಹೋಗುತ್ತದೆ ಎಂಬುದು ನೀರಿನ ಮಟ್ಟಿಗೆ ಅದೃಷ್ಟ, ಕಸ ಆಯುವವರ ಮಟ್ಟಿಗೆ ಅಲ್ಲ.

ಇಷ್ಟು ಬಲವಾದ ದ್ರವವನ್ನು ತಡೆಯುವುದಕ್ಕೆ ಕಾನೂನು ಏನು ಮಾಡಿದೆ? ನನ್ನ ಅಭಿಪ್ರಾಯದಲ್ಲಿ ಕಾಗದದ ಮೇಲೆ ಒಳ್ಳೆಯ ಕೆಲಸವನ್ನೇ ಮಾಡಿದೆ. 2000ದ ಸೆಪ್ಟೆಂಬರಿನಲ್ಲಿ ಬಂದ ನಗರ ಘನತ್ಯಾಜ್ಯ ನಿಯಮಗಳು, ಆಮೇಲೆ 2016ರ ನಿಯಮಗಳು, ಎರಡೂ ಹೇಳಿದ್ದು ಇದು: ತಳದಲ್ಲಿ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಹಾಳೆ. ಮಣ್ಣಿನ ತಳಕ್ಕೂ ಅಂತರ್ಜಲ ಏರಬಹುದಾದ ಅತಿ ಎತ್ತರದ ಮಟ್ಟಕ್ಕೂ ಕನಿಷ್ಠ ಎರಡು ಮೀಟರ್ ಅಂತರ. ಜೇಡಿಮಣ್ಣಿನಲ್ಲಿ ನೀರು ಇಳಿಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದು ಪಾಲನ್ನು ಮೀರಬಾರದು. ಕೋಟಿಯಲ್ಲೊಂದು ಪಾಲು! ವರ್ಷದಲ್ಲಿ ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡುಗಳಿವೆ. ಗುಣಿಸಿದರೆ ವರ್ಷಕ್ಕೆ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು.

ಮೂರು ಸೆಂಟಿಮೀಟರ್ ಎಂದರೆ ಏನೂ ಇಲ್ಲ ಎನಿಸುತ್ತದೆ. ಆದರೆ ಹಾಳೆಯೇ ಇಲ್ಲದೆ ಬರೀ ಮಣ್ಣಿದ್ದರೆ, ಒಂದು ಹೆಕ್ಟೇರಿನ ಮೇಲೆ ಅದು ವರ್ಷಕ್ಕೆ ಮೂರು ಲಕ್ಷ ಲೀಟರ್. ನೂರು ಎಕರೆಯ ಮೇಲೆ ಒಂದೂಕಾಲು ಕೋಟಿ. ಕಾನೂನು ಕೇಳುವ ಅತ್ಯುತ್ತಮ ಮಣ್ಣು ಕೂಡ ಒಂಟಿಯಾಗಿ ನಿಂತರೆ ಸೋಲುತ್ತದೆ. ಹಾಳೆ ಒಂಟಿಯಾಗಿ ನಿಂತರೆ ಏನಾಗುತ್ತದೆ ಎಂಬುದನ್ನು ಜಲ್ಲಿಯ ಲೆಕ್ಕದಲ್ಲಿ ನೋಡಿದೆವು. ಎರಡೂ ಒಟ್ಟಿಗೆ, ನಡುವೆ ಸಂದಿಲ್ಲದೆ ಕೂತಾಗ ಮಾತ್ರ ಅರ್ಧ ಲೀಟರಿನ ಪವಾಡ. ಬಿಸಿಲಿಗೆ ಹಾಳೆ ಹಿಗ್ಗಿ ಅಲ್ಲಲ್ಲಿ ಸುಕ್ಕು ಕಟ್ಟಿದರೆ ಅದೇ ಸೂತ್ರದ ಪ್ರಕಾರ ಸೋರಿಕೆ ಐದು ಪಟ್ಟು ಏರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹಾಸದೆ ಬೆಳಗಿನ ಜಾವ ಹಾಸಿದರೆ ಉಳಿಯುವ ನೀರು ಅದು. ಯಾವ ಟೆಂಡರಿನಲ್ಲಿ ಇದಕ್ಕೆ ದರ ಬರೆಯುತ್ತಾರೆ?

ದಿನದ ಕೊನೆಗೆ ಕಸದ ಮೇಲೆ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಹೊದಿಸಬೇಕು ಎಂಬ ನಿಯಮವೂ ಇದೆ, ಮಳೆಗಾಲಕ್ಕೆ ಮುಂಚೆ 40ರಿಂದ 65 ಸೆಂಟಿಮೀಟರ್. ಒಂದು ಎಕರೆ ಕಸದ ಮುಖ ತೆರೆದಿದ್ದರೆ ಹತ್ತು ಸೆಂಟಿಮೀಟರಿಗೆ ಬೇಕಾಗುವುದು 400 ಘನ ಮೀಟರ್ ಮಣ್ಣು. ಐದು ಘನ ಮೀಟರಿನ ಟಿಪ್ಪರಿನಲ್ಲಿ ಎಂಬತ್ತು ಲೋಡು, ದಿನಾ. ಕಸ ತರುವ ಲಾರಿ ನೂರು, ಮಣ್ಣು ತರುವ ಟಿಪ್ಪರು ಎಂಬತ್ತು. ಮಣ್ಣು ಬೇರೆ ಯಾವುದೋ ಕೆರೆಯಂಗಳದಿಂದಲೋ ಹೊಲದಿಂದಲೋ ಬರಬೇಕು. ನಿಯಮ ಮುರಿಯುವ ಮೊದಲ ಜಾಗ ಯಾವುದು ಎಂದು ನನ್ನನ್ನು ಕೇಳಿದರೆ, ಈ ಹತ್ತು ಸೆಂಟಿಮೀಟರ್ ಎನ್ನುತ್ತೇನೆ. ಅಲ್ಲಿ ಉಳಿಸಿದ ದುಡ್ಡು ಅದೇ ಸಂಜೆ ಕೈಗೆ ಸಿಗುತ್ತದೆ. ತೊಂದರೆ ಬರುವುದು ಜೂನಿನಲ್ಲಿ, ಅದೂ ಬೇರೆಯವರಿಗೆ.

ಇನ್ನು ಕೆಳಗಿನ ಕಲ್ಲು. ಬೆಂಗಳೂರು ಕೂತಿರುವುದು ನೈಸ್ ಶಿಲೆಯ ಮೇಲೆ. ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿಂದವರೆಲ್ಲ ಅದನ್ನು ಮುಟ್ಟಿದ್ದಾರೆ. ಸುಮಾರು 300 ಕೋಟಿ ವರ್ಷದ ಮುದುಕ. ಕಲ್ಲಿನ ಮೈಯಲ್ಲಿ ನೀರು ಇಳಿಯುವುದಿಲ್ಲ. ಇಳಿಯುವುದು ಬಿರುಕುಗಳಲ್ಲಿ. ಮೇಲೆ ಹತ್ತಾರು ಅಡಿ ಕೊಳೆತ ಕಲ್ಲಿನ ಪದರ, ಅದು ಸ್ವಲ್ಪ ಸೋಸುತ್ತದೆ. ಅದರ ಕೆಳಗೆ ಬಿರುಕು ಸಿಕ್ಕರೆ ಸೋಸುವ ಮಾತೇ ಇಲ್ಲ. ಬಿರುಕಿನ ಅಗಲ ಎರಡು ಪಟ್ಟಾದರೆ ಅದರಲ್ಲಿ ಹರಿಯುವ ನೀರು ಎಂಟು ಪಟ್ಟಾಗುತ್ತದೆ ಎಂಬುದು ಭೂಜಲ ವಿಜ್ಞಾನದ ಹಳೆಯ ಸೂತ್ರ. ಒಂದು ಮಿಲಿಮೀಟರ್ ಅಗಲದ ನುಣುಪಾದ ಬಿರುಕು, ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಎಂದಿಟ್ಟುಕೊಂಡು ಅದೇ ಸೂತ್ರದಲ್ಲಿ ವೇಗ ಕಂಡುಹಿಡಿದರೆ ದಿನಕ್ಕೆ 700 ಮೀಟರ್ ಬರುತ್ತದೆ. ನಿಜವಾದ ಬಿರುಕು ಒರಟು, ಅಲ್ಲಲ್ಲಿ ಮಣ್ಣು ತುಂಬಿರುತ್ತದೆ, ಆದ್ದರಿಂದ ವೇಗ ಕಡಿಮೆ. ಹತ್ತು ಪಟ್ಟು ಕಡಿಮೆ ಮಾಡಿಕೊಳ್ಳಿ, ಬೇಕಾದರೆ ನೂರು ಪಟ್ಟು. ಆದರೂ ದಿನಕ್ಕೆ ಏಳು ಮೀಟರ್. ಮೇಲಿನ ಮಣ್ಣಿನಲ್ಲಿ ವರ್ಷಕ್ಕೆ ಮೂರು ಸೆಂಟಿಮೀಟರ್ ಇಳಿಯಬೇಕಾದ ನೀರು ಇದು.

ಕೊಳವೆ ಬಾವಿ ಈ ಕತೆಯಲ್ಲಿ ಎರಡು ಪಾತ್ರ ಮಾಡುತ್ತದೆ. ಪಂಪು ಚಾಲೂ ಆದಾಗ ಸುತ್ತಲಿನ ನೀರಿನ ಮಟ್ಟ ಬಾವಿಯ ಕಡೆಗೆ ಬಾಗುತ್ತದೆ, ಇಳಿಜಾರು ಹೆಚ್ಚುತ್ತದೆ, ಬಿರುಕಿನ ನೀರು ಅತ್ತ ಓಡುತ್ತದೆ. ಊರಿನ ಬೋರು ಹೆಚ್ಚು ಹೊತ್ತು ಓಡಿದಷ್ಟೂ ಕಸದ ನೀರಿಗೆ ದಾರಿ ಸುಗಮ. ಜೊತೆಗೆ ಕೇಸಿಂಗ್ ಪೈಪನ್ನು ಗಟ್ಟಿ ಕಲ್ಲಿನವರೆಗೆ ಇಳಿಸದೆ ಅರ್ಧಕ್ಕೆ ನಿಲ್ಲಿಸಿದ್ದರೆ, ಅಥವಾ ಒಣಗಿದ ಬೋರನ್ನು ಮುಚ್ಚದೆ ಬಿಟ್ಟಿದ್ದರೆ, ಮೇಲಿನ ಕೆಟ್ಟ ನೀರು ನೇರ ಎಂಟುನೂರು ಅಡಿ ಕೆಳಕ್ಕೆ ಬೀಳುತ್ತದೆ.

ನಿಯಮದ ಪ್ರಕಾರ ಕಸದ ತಾಣದ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ, ಮಳೆಗಾಲದ ನಂತರ ಎಂದು ವರ್ಷದ ಬೇರೆ ಬೇರೆ ಕಾಲಗಳಲ್ಲಿ ಪರೀಕ್ಷಿಸಬೇಕು. ತಾಣ ಶುರುವಾಗುವ ಮುಂಚೆಯೂ ನೀರು ಹೇಗಿತ್ತು ಎಂದು ಅಳೆದು ದಾಖಲೆಯಲ್ಲಿ ಇಟ್ಟಿರಬೇಕು. ಈ ಎರಡನೆಯ ಮಾತು ಬಹಳ ಜಾಣತನದ್ದು. ಮೊದಲಿನ ಅಂಕಿ ಇಲ್ಲದಿದ್ದರೆ ‘ಈ ಊರಿನ ನೀರು ಮೊದಲಿನಿಂದಲೂ ಹೀಗೇ’ ಎಂದು ಯಾರು ಬೇಕಾದರೂ ವಾದಿಸಬಹುದು, ಮತ್ತು ವಾದಿಸುತ್ತಾರೆ. ಮೊದಲನೆಯ ಮಾತು ಎಷ್ಟು ಹಿಡಿಯುತ್ತದೆ ನೋಡೋಣ. ನೂರು ಎಕರೆ ಚೌಕಾಕಾರದ ಜಾಗವಾದರೆ, ಐವತ್ತು ಮೀಟರ್ ಆಚೆ ಅದರ ಸುತ್ತಳತೆ ಸುಮಾರು ಮೂರು ಕಿಲೋಮೀಟರ್. ನಾಲ್ಕು ದಿಕ್ಕಿಗೆ ನಾಲ್ಕು ಬೋರು ಕೊರೆಸಿದರೆ, ಒಂದೊಂದೂ ಆರೂವರೆ ಇಂಚು, ಒಟ್ಟು ಕಾವಲಿರುವ ಅಗಲ 66 ಸೆಂಟಿಮೀಟರ್. ಮೂರು ಕಿಲೋಮೀಟರಿನಲ್ಲಿ ಎರಡಡಿ. ಮರಳಿನ ನೆಲವಾದರೆ ಕೆಟ್ಟ ನೀರು ಅಗಲವಾಗಿ ಹರಡಿಕೊಂಡು ಬರುತ್ತದೆ, ಎಲ್ಲಾದರೂ ಒಂದು ಕಡೆ ಸಿಕ್ಕಿಬೀಳುತ್ತದೆ. ನಮ್ಮ ಕಲ್ಲಿನಲ್ಲಿ ಅದು ಒಂದೇ ಬಿರುಕು ಹಿಡಿದು ಬೋರಿನ ಪಕ್ಕದಲ್ಲೇ ಹಾದುಹೋಗಬಹುದು. ನುಣುಪಾದ ಬಿರುಕಿನ ಲೆಕ್ಕದಲ್ಲಿ ಐವತ್ತು ಮೀಟರ್ ದಾಟಲು ಎರಡು ಗಂಟೆಯೂ ಬೇಡ. ಕ್ಯಾನು ಹಿಡಿದು ನೀರು ತುಂಬಿಸಿಕೊಳ್ಳುವವರು ಮತ್ತೆ ಬರುವುದು ನಾಲ್ಕು ತಿಂಗಳಿಗೆ.

ಹಾಗಾಗಿ ವರದಿಯಲ್ಲಿ ‘ಮಿತಿಯೊಳಗಿದೆ’ ಎಂದು ಬಂದರೂ ಊರಿನವರ ನೀರು ಕೆಟ್ಟಿರಲು ಸಾಧ್ಯ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಈ ಮಾತು ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ.

2000ದ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಕೊನೆಯ ಗಡುವು 31 ಡಿಸೆಂಬರ್ 2003. ಅಷ್ಟರೊಳಗೆ ಕಸ ಸಂಸ್ಕರಿಸುವ ಘಟಕಗಳು ಸಿದ್ಧವಿರಬೇಕಿತ್ತು. ಮಾವಳ್ಳಿಪುರ ಶುರುವಾದದ್ದು ಅದಾಗಿ ನಾಲ್ಕು ವರ್ಷಕ್ಕೆ. ಇನ್ನೈದು ವರ್ಷಕ್ಕೆ, 2012ರ ಜುಲೈನಲ್ಲಿ, ಊರಿನವರ ಹೋರಾಟ ಮತ್ತು ನ್ಯಾಯಾಲಯದ ಮೊಕದ್ದಮೆಗಳ ನಡುವೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ ಅದು ಮುಚ್ಚಿತು. ಮುಂದಿನ ತಿಂಗಳು ಬೆಂಗಳೂರಿನ ಬೀದಿಬೀದಿಯಲ್ಲಿ ಕಸದ ರಾಶಿ ಬಿದ್ದಿದ್ದು ಹಲವರಿಗೆ ನೆನಪಿರಬೇಕು. ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕು ಎಂದು ಹೈಕೋರ್ಟು ಪಟ್ಟು ಹಿಡಿದದ್ದೂ ಆ ಕಾಲದಲ್ಲೇ. ಲಾರಿಗಳು ಪೂರ್ವದ ಮಂಡೂರಿಗೆ ತಿರುಗಿದವು. 2014ರಲ್ಲಿ ಮಂಡೂರು ರಸ್ತೆಗಿಳಿಯಿತು. ಆ ವರ್ಷದ ಕೊನೆಗೆ ಅದೂ ಮುಚ್ಚಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕೈಬಿಟ್ಟ ಕಲ್ಲು ಕ್ವಾರಿಗಳು. ಕ್ವಾರಿ ಎಂದರೆ ಮೇಲಿನ ಮಣ್ಣು, ಸೋಸುವ ಕೊಳೆತ ಪದರ ಎಲ್ಲವನ್ನೂ ಕೆರೆದು ತೆಗೆದು, ಕಲ್ಲನ್ನು ಸಿಡಿಮದ್ದಿಟ್ಟು ಬಿರಿಸಿದ ಗುಂಡಿ. ಅಂತರ್ಜಲದ ಕಡೆಯಿಂದ ಯೋಚಿಸುವವರು ಕಸ ಹಾಕಲು ಅತ್ಯಂತ ಕೊನೆಯದಾಗಿ ಆರಿಸಬೇಕಾದ ಜಾಗ. ಒಂದು ಕಡೆ ನಿಯಮ ಮುರಿದದ್ದಕ್ಕೆ ಮುಚ್ಚಿದಾಗಲೆಲ್ಲ ಕಸ ಇನ್ನೂ ಕೆಟ್ಟ ತಳವಿರುವ ಕಡೆಗೆ ಹೋಯಿತು. ಆದೇಶ ಪಾಲನೆಯಾಯಿತು ಎಂದು ಕಡತದಲ್ಲಿ ಬರೆಯಬಹುದು, ಅದು ನಿಜವೂ ಹೌದು.

2022ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಸ ಮತ್ತು ಕೊಳಚೆ ನೀರಿನ ನಿರ್ವಹಣೆಯಲ್ಲಿ ಸೋತದ್ದಕ್ಕೆ ಕರ್ನಾಟಕ ಸರ್ಕಾರಕ್ಕೆ 2,900 ಕೋಟಿ ರೂಪಾಯಿ ಪರಿಹಾರ ಮೊತ್ತ ವಿಧಿಸಿತು. ಬೆಚ್ಚುವಷ್ಟು ದೊಡ್ಡದು. 2011ರ ಜನಗಣತಿಯ ಆರು ಕೋಟಿ ಹನ್ನೊಂದು ಲಕ್ಷ ಜನಕ್ಕೆ ಹಂಚಿದರೆ ತಲೆಗೆ 475 ರೂಪಾಯಿ. ಈ ಹಣ ಹೋಗಬೇಕಾದದ್ದು ರಾಜ್ಯವೇ ತೆರೆಯುವ ಪ್ರತ್ಯೇಕ ಖಾತೆಗೆ, ಖರ್ಚಾಗಬೇಕಾದದ್ದು ರಾಜ್ಯವೇ ಮಾಡಬೇಕಿದ್ದ ಕೆಲಸಕ್ಕೆ. ಎಡಜೇಬಿನಿಂದ ಬಲಜೇಬಿಗೆ. ಹೀಗಾದರೂ ಆ ಕೆಲಸಕ್ಕೆ ಹಣ ಮೀಸಲಾಗಲಿ ಎಂಬ ಲೆಕ್ಕಾಚಾರ ಇರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಶಿಕ್ಷೆ ಎಂಬ ಅರ್ಥದಲ್ಲಿ ಅದು ಯಾರಿಗೂ ತಾಗುವುದಿಲ್ಲ.

ಮುಚ್ಚಿದ ತಾಣವನ್ನು ಎಷ್ಟು ಕಾಲ ನೋಡಿಕೊಳ್ಳಬೇಕು? ನಿಯಮ ಹದಿನೈದು ವರ್ಷ ಎನ್ನುತ್ತದೆ. ಅಮೆರಿಕದಲ್ಲಿ ಮೂವತ್ತು. ಮಾವಳ್ಳಿಪುರಕ್ಕೆ ಕಸ ಬರುವುದು ನಿಂತದ್ದು 2012ರಲ್ಲಿ. ಹದಿನೈದು ಕೂಡಿಸಿದರೆ 2027. ವರ್ಷಕ್ಕೆ ಮೂರು ಸಲದಂತೆ ಹದಿನೈದು ವರ್ಷಕ್ಕೆ ಒಂದು ಬೋರಿನಿಂದ ನಲವತ್ತೈದು ಮಾದರಿ. ಕಸದೊಳಗಿನ ಕೊಳೆಯುವ ವಸ್ತು ಕೆಲವು ದಶಕಗಳಲ್ಲಿ ಕರಗುತ್ತದೆ, ಸಿಒಡಿ ಇಳಿಯುತ್ತದೆ. ಅಮೋನಿಯಾ ಮಾತ್ರ ಹಟಮಾರಿ. ಗಾಳಿ ಇಲ್ಲದ ಕಸದ ಹೊಟ್ಟೆಯಲ್ಲಿ ಅದನ್ನು ಮುರಿಯುವ ಜೀವಿಗಳು ಕೆಲಸ ಮಾಡುವುದಿಲ್ಲ, ಆದ್ದರಿಂದ ತೊಳೆದು ಹೋಗುವವರೆಗೂ ಅಲ್ಲೇ ಇರುತ್ತದೆ. ತೊಳೆದು ಹೋಗಬೇಕಾದದ್ದು ಎಲ್ಲಿಗೆ?

ಮಾವಳ್ಳಿಪುರ ಇರುವುದು ಅರ್ಕಾವತಿಯ ಜಲಾನಯನದಲ್ಲಿ. ಬೆಂಗಳೂರಿಗೆ ಮೊದಲ ಬಾರಿಗೆ ಕೊಳಾಯಿ ನೀರು ಬಂದದ್ದು 1890ರ ದಶಕದಲ್ಲಿ, ಪಕ್ಕದ ಹೆಸರಘಟ್ಟ ಕೆರೆಯಿಂದ. ಅದು ಸಾಲದಾದಾಗ 1933ರಲ್ಲಿ ಕೆಳಗಡೆ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ಆ ಜಲಾಶಯಕ್ಕೆ ನೀರು ಕೊಡುವ ಸುಮಾರು 1,450 ಚದರ ಕಿಲೋಮೀಟರ್ ಪ್ರದೇಶವನ್ನು ಕಾಪಾಡಲು ರಾಜ್ಯ ಸರ್ಕಾರ ಆದೇಶ ಹೊರಡಿಸಿದ್ದು 2003ರ ನವೆಂಬರಿನಲ್ಲಿ. ಕಸದ ತಾಣ ಅದೇ ಪ್ರದೇಶದೊಳಗೆ ಬಂತು. ಆಮೇಲೆ ಜಲಾಶಯದ ನೀರು ಕೆಟ್ಟು ನಗರಕ್ಕೆ ಪೂರೈಕೆ ನಿಂತಿತು. ಅದಕ್ಕೆ ಕಾರ್ಖಾನೆಗಳು, ಚರಂಡಿಗಳು, ಬತ್ತಿದ ಹೊಳೆ ಹೀಗೆ ಕಾರಣ ಹಲವು, ಕಸದ ತಲೆಗೇ ಎಲ್ಲವನ್ನೂ ಕಟ್ಟಬಾರದು. ಈಗ ಅಲ್ಲಿಂದ ಮತ್ತೆ ದಿನಕ್ಕೆ 11 ಕೋಟಿ ಲೀಟರ್ ಎತ್ತುವ ಯೋಜನೆ ಹಾಕಿಕೊಂಡಿದ್ದಾರೆ.

ಆ ನೀರು ಕುಡಿಯುವ ನಗರದವರಿಗೆ ಮಾವಳ್ಳಿಪುರದಿಂದ ಅಪಾಯವಿದೆಯೇ? ಲೆಕ್ಕ ಹಾಕಿದೆ, ಉತ್ತರ ನಾನೂ ನಿರೀಕ್ಷಿಸಿದ್ದಲ್ಲ. ಮೇಲೆ ಹೇಳಿದ ನಾಲ್ಕು ಕೋಟಿ ಲೀಟರನ್ನು ಪೂರ್ತಿಯಾಗಿ ಜಲಾಶಯಕ್ಕೆ ಸುರಿದರೂ ದಿನಕ್ಕೆ ಬೀಳುವುದು ಒಂದು ಲಕ್ಷ ಲೀಟರಿಗಿಂತ ತುಸು ಹೆಚ್ಚು. ಎತ್ತುವ ನೀರಿನ ಸಾವಿರದಲ್ಲೊಂದು ಪಾಲು. ನೈಟ್ರೇಟು ಮಿತಿಯ ಐದನೇ ಒಂದು ಭಾಗಕ್ಕೆ ನಿಲ್ಲುತ್ತದೆ. ನಗರ ಬಚಾವು. ಹನ್ನೊಂದು ಕೋಟಿ ಎಂಬ ದೊಡ್ಡ ಸಂಖ್ಯೆಯೇ ಅದನ್ನು ಕಾಯುತ್ತದೆ.

ಈಗ ತಾಣದ ಪಕ್ಕದ ಒಂದು ಬೋರು. ಗಂಟೆಗೆ ಐದು ಸಾವಿರ ಲೀಟರ್ ಎತ್ತುತ್ತದೆ, ದಿನಕ್ಕೆ ನಾಲ್ಕು ಗಂಟೆ ಕರೆಂಟು ಎನ್ನಿ. ಒಟ್ಟು 20,000 ಲೀಟರ್. ಗ್ರಾಮೀಣ ನೀರು ಪೂರೈಕೆಗೆ ಜಲಜೀವನ ಯೋಜನೆ ಇಟ್ಟುಕೊಂಡ ತಲಾ 55 ಲೀಟರಿನಂತೆ 360 ಜನಕ್ಕೆ ಸಾಕು. ಇದನ್ನು ನೈಟ್ರೇಟಿನ ಮಿತಿ ದಾಟಿಸಲು ಆ ಬೋರಿನ ಬಿರುಕಿಗೆ ಸೇರಬೇಕಾದ ಕಸದ ನೀರು, ಅದೇ ಇನ್ನೂರರ ಲೆಕ್ಕದಲ್ಲಿ, ದಿನಕ್ಕೆ ನೂರು ಲೀಟರ್.